ಹಳೆಯ ವಾಲ್ವು ವರ್ಧಕಕ್ಕೆ ಮರುಜೀವ

ಗ್ರಾಮಫೋನು ತಟ್ಟೆಯ ಗೆರೆಯಲ್ಲಿ ಚಲಿಸುವ ಮುಳ್ಳು ಹುಟ್ಟಿಸುವ ವಿದ್ಯುತ್ತು ಅತ್ಯಲ್ಪವಾದುದು. ಹಲವೊಮ್ಮೆ ಅದು ವೋಲ್ಟಿನ ಸಾವಿರದ ಕೆಲವೇ ಅಂಶ. ಇಷ್ಟರಿಂದ ಸ್ಪೀಕರಿನ ಪೊರೆ ಅಲುಗಲಾರದು. ಈ ಕ್ಷೀಣ ಸಂಕೇತವನ್ನು ಅದರ ರೂಪ ಕೆಡದಂತೆ ಬಲಪಡಿಸುವ ಸಾಧನವೇ ವರ್ಧಕ. ಇಂದು ಉಗುರಿನಷ್ಟು ಸಣ್ಣ ಸಿಲಿಕಾನ್ ತುಣುಕು ಈ ಕೆಲಸವನ್ನು ಮಾಡಬಲ್ಲುದು. ಆದರೂ ಅರವತ್ತು ವರ್ಷ ಹಿಂದಿನ ವಾಲ್ವು ವರ್ಧಕಗಳನ್ನು ದುರಸ್ತಿಮಾಡಿ ಮನೆಯಲ್ಲಿ ಬಳಸುವ ಆಸಕ್ತರು ಎಲ್ಲೆಡೆಯಲ್ಲಿಯೂ ಇದ್ದಾರೆ. ವಿದ್ಯಾರ್ಥಿಗೆ ಇಂತಹ ಯಂತ್ರವು ತೆರೆದಿಟ್ಟ ಪಠ್ಯಪುಸ್ತಕವಿದ್ದಂತೆ. ಆದರೆ ಅದರೊಳಗೆ ಪ್ರಾಣಾಪಾಯಕ್ಕೆ ಸಾಕಾಗುವಷ್ಟು ವಿದ್ಯುತ್ತು ಅಡಗಿರುತ್ತದೆ. ಆದುದರಿಂದ ಮೊದಲು ತತ್ತ್ವವನ್ನು ತಿಳಿದು ಆಮೇಲೆ ಕೈಹಚ್ಚುವುದೇ ವಿವೇಕ.

ಕಾದ ತಂತಿಯಿಂದ ನಿರ್ವಾತದ ಮೂಲಕ ವಿದ್ಯುತ್ತು ಹರಿಯುವುದನ್ನು ಎಡಿಸನ್ 1883ರ ಸುಮಾರಿಗೆ ಗಮನಿಸಿದನು. 1904ರಲ್ಲಿ ಫ್ಲೆಮಿಂಗನು ಇದನ್ನು ಬಳಸಿ ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಬಿಡುವ ವಾಲ್ವನ್ನು ರಚಿಸಿದನು. 1906ರಲ್ಲಿ ಲೀ ಡಿ ಫಾರೆಸ್ಟನು ಋಣಾಗ್ರ ಮತ್ತು ಧನಾಗ್ರಗಳ ನಡುವೆ ಮೂರನೆಯದೊಂದನ್ನು, ಎಂದರೆ ಜಾಲರಿಯನ್ನು, ಸೇರಿಸಿದನು. ವರ್ಧನೆಯ ಗುಟ್ಟು ಇರುವುದು ಇದರಲ್ಲಿಯೇ. ಕಾದ ಋಣಾಗ್ರದಿಂದ ಹೊರಟ ಎಲೆಕ್ಟ್ರಾನುಗಳು ಧನಾಗ್ರದತ್ತ ಧಾವಿಸುತ್ತವೆ. ನಡುವಣ ಜಾಲರಿಗೆ ಋಣ ವೋಲ್ಟೇಜನ್ನು ಕೊಟ್ಟರೆ ಅವುಗಳ ಹರಿವು ಕುಗ್ಗುತ್ತದೆ. ಕೆರೆಯ ತೂಬನ್ನು ಸರಿಸಲು ಬೇಕಾದ ಶ್ರಮ ಅಲ್ಪ. ಅದರಿಂದ ಹತೋಟಿಗೆ ಒಳಪಡುವ ನೀರು ಅಪಾರ. ಜಾಲರಿಯ ಕೆಲಸವೂ ಅಂತಹುದೇ.

ಒಂದು ನಿಜವಾದ ವರ್ಧಕವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಮೆರಿಕದ ಫಿಲಡೆಲ್ಫಿಯ ನಗರದ ಡೈನಾಕೊ ಸಂಸ್ಥೆಯು 1959ರಲ್ಲಿ 'ಸ್ಟೀರಿಯೊ 70' ಎಂಬ ವರ್ಧಕವನ್ನು ಹೊರತಂದಿತು. ಬಿಡಿಭಾಗಗಳ ರೂಪದಲ್ಲಿ ಕೊಂಡು ಮನೆಯಲ್ಲಿಯೇ ಜೋಡಿಸಿಕೊಳ್ಳಲು ಅವಕಾಶವಿದ್ದುದರಿಂದ ಅದು ಬಹು ಜನಪ್ರಿಯವಾಯಿತು. ಎಡ ಬಲಗಳೆರಡಕ್ಕೂ 35 ವಾಟ್ ಶಕ್ತಿ. ಹೊರದಾರಿಯಲ್ಲಿ ನಾಲ್ಕು ಇ.ಎಲ್. 34 ವಾಲ್ವುಗಳು, ಏಕಮುಖ ವಿದ್ಯುತ್ತನ್ನು ಒದಗಿಸಲು ಒಂದು ಜಿ.ಝಡ್. 34. ವಾಲ್ವುಗಳ ವಿದ್ಯೆ ನಮ್ಮ ನಾಡಿಗೂ ಹೊಸದಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಆರಂಭವಾಯಿತು.

ಈ ಯಂತ್ರ ಏಕೆ ಅಷ್ಟು ಬಿಸಿಯಾಗುತ್ತದೆ? ಲೆಕ್ಕ ಸುಲಭ. ಪ್ರತಿಯೊಂದು ಇ.ಎಲ್. 34ರ ಕಾವುತಂತಿಗೂ 6.3 ವೋಲ್ಟಿನಲ್ಲಿ 1.5 ಆಂಪಿಯರ್ ಬೇಕು. ನಾಲ್ಕಕ್ಕೆ ಸುಮಾರು 38 ವಾಟ್. ಜಿ.ಝಡ್. 34ಕ್ಕೆ ಮತ್ತೆ 9.5 ವಾಟ್. ಧನಾಗ್ರಗಳಿಗೆ 400 ವೋಲ್ಟಿನಲ್ಲಿ ಒಟ್ಟು 0.2 ಆಂಪಿಯರ್ ಎಂದರೂ 80 ವಾಟ್ ಆಯಿತು. ಸಂಗೀತದ ಒಂದು ಸ್ವರವೂ ಹೊರಡುವ ಮುನ್ನವೇ ಸುಮಾರು 127 ವಾಟ್ ಶಾಖವಾಗಿ ಹೋಗುತ್ತದೆ! ಆದಕಾರಣ ಸುತ್ತಲೂ ಗಾಳಿಯಾಡದ ಕಪಾಟಿನಲ್ಲಿ ಇದನ್ನು ಇಡಲಾಗದು.

ಈ ಶಾಖದಲ್ಲಿ ದಶಕಗಳ ಕಾಲ ಬೆಂದ ಭಾಗಗಳಲ್ಲಿ ಮುಖ್ಯವಾಗಿ ಮೂರು ಹದಗೆಡುತ್ತವೆ. ಮೊದಲನೆಯದು ಎಲೆಕ್ಟ್ರೊಲಿಟಿಕ್ ಕಂಡೆನ್ಸರು. ಅದರೊಳಗೆ ಅಲ್ಯುಮಿನಿಯಮ್ ಹಾಳೆಯ ಮೇಲಿರುವ ಅತಿ ತೆಳುವಾದ ಆಕ್ಸೈಡ್ ಪದರವೇ ವಿದ್ಯುನ್ನಿರೋಧಕ. ಬಹುಕಾಲ ಬಳಸದಿದ್ದರೆ ಪದರ ಶಿಥಿಲವಾಗುತ್ತದೆ. ಒಳಗಿನ ದ್ರವ ಒಣಗುತ್ತದೆ. ಎರಡನೆಯದು ಒಂದು ವಾಲ್ವಿನ ಧನಾಗ್ರದಿಂದ ಮುಂದಿನ ವಾಲ್ವಿನ ಜಾಲರಿಗೆ ಸಂಕೇತವನ್ನು ದಾಟಿಸುವ ಸಣ್ಣ ಕಂಡೆನ್ಸರು. ಇದು ಏಕಮುಖ ವಿದ್ಯುತ್ತನ್ನು ಪೂರ್ಣವಾಗಿ ತಡೆಯಬೇಕು. ಅದರಲ್ಲಿ ಆಂಪಿಯರಿನ ಲಕ್ಷದಲ್ಲೊಂದು ಅಂಶ ಸೋರಿ, 2,70,000 ಓಮ್ ರೋಧದ ಮೂಲಕ ಹರಿದರೆ ಜಾಲರಿಯ ವೋಲ್ಟೇಜು 2.7ರಷ್ಟು ಧನದ ಕಡೆಗೆ ಸರಿಯುತ್ತದೆ. ಮೂರನೆಯದು ಜಾಲರಿಗೆ ಋಣ ವೋಲ್ಟೇಜನ್ನು ಒದಗಿಸುವ ಸೆಲೆನಿಯಮ್ ಏಕಮುಖಕಾರಿ. ಅದು ಮುಪ್ಪಾದಂತೆ ಅದರ ರೋಧ ಏರುತ್ತದೆ, ಋಣ ವೋಲ್ಟೇಜು ಇಳಿಯುತ್ತದೆ. ಆಗ ತೂಬು ತೆರೆದೇ ಉಳಿದಂತಾಗಿ ಧನಾಗ್ರಗಳು ಕೆಂಪಗೆ ಕಾಯುತ್ತವೆ; ವಾಲ್ವಿನೊಡನೆ ಟ್ರಾನ್ಸ್‌ಫಾರ್ಮರೂ ಸುಟ್ಟುಹೋಗಬಹುದು. ಈ ಮೂರನ್ನೂ ಬದಲಾಯಿಸುವುದೇ ದುರಸ್ತಿಯ ಮೊದಲ ಹೆಜ್ಜೆ. ಸೆಲೆನಿಯಮ್ ಇದ್ದೆಡೆಯಲ್ಲಿ ಸಿಲಿಕಾನ್ ಡಯೋಡನ್ನು ಹಾಕಬಹುದು.

ಹಳೆಯ ವರ್ಧಕ ಕೈಗೆ ಬಂದೊಡನೆ ವಿದ್ಯುತ್ತಿಗೆ ಜೋಡಿಸಿ ಪರೀಕ್ಷಿಸುವ ಆತುರ ಸಲ್ಲದು. ಅಮೆರಿಕದ ಯಂತ್ರ ಸುಮಾರು 120 ವೋಲ್ಟಿಗೆ ರಚಿತವಾದುದು; ನಮ್ಮ ಮನೆಗಳಲ್ಲಿ ಇರುವುದು 230 ವೋಲ್ಟು. ವೋಲ್ಟೇಜನ್ನು ಇಳಿಸುವ ಟ್ರಾನ್ಸ್‌ಫಾರ್ಮರು ಬೇಕೇ ಬೇಕು. 60 ಹರ್ಟ್ಸಿಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರನ್ನು ನಮ್ಮ 50 ಹರ್ಟ್ಸಿಗೆ ಜೋಡಿಸಿದರೆ, ಅದೇ ವೋಲ್ಟೇಜಿನಲ್ಲಿ ಅದರ ತಿರುಳಿನ ಕಾಂತ ಅಭಿವಾಹ ಐದನೆಯ ಒಂದರಷ್ಟು ಹೆಚ್ಚುವುದೆಂಬುದನ್ನೂ ನೆನಪಿಡಬೇಕು. ಮೊದಲ ಪರೀಕ್ಷೆಯಲ್ಲಿ ವಾಲ್ವುಗಳನ್ನೆಲ್ಲ ಕಿತ್ತಿಟ್ಟು, ಮನೆಯ ವಿದ್ಯುತ್ತಿನ ದಾರಿಯಲ್ಲಿ 100 ವಾಟಿನ ತಂತಿಬಲ್ಬೊಂದನ್ನು ಸರಣಿಯಾಗಿ ಸೇರಿಸಬೇಕು. ಟ್ರಾನ್ಸ್‌ಫಾರ್ಮರು ನೆಟ್ಟಗಿದ್ದರೆ ಬಲ್ಬು ಮಂದವಾಗಿಯೇ ಉಳಿಯುತ್ತದೆ. ಎಲ್ಲಿಯಾದರೂ ತಂತಿಗಳು ಕೂಡಿಕೊಂಡಿದ್ದರೆ ಅದು ಪ್ರಖರವಾಗಿ ಬೆಳಗುತ್ತದೆ. ಕಾದ ತಂತಿಯ ರೋಧ ಹೆಚ್ಚಿ ಪ್ರವಾಹ ತಾನಾಗಿ ಮಿತಿಗೊಳ್ಳುತ್ತದೆ.

ವಾಲ್ವುಗಳನ್ನು ಕೂರಿಸಿದ ಬಳಿಕ ಜಾಲರಿಯ ಋಣ ವೋಲ್ಟೇಜನ್ನು ಹೊಂದಿಸಬೇಕು. ಸ್ಟೀರಿಯೊ 70ರಲ್ಲಿ ಇದಕ್ಕೆ ಸೊಗಸಾದ ಏರ್ಪಾಡಿದೆ. ಪ್ರತಿ ಜೋಡಿ ವಾಲ್ವುಗಳ ಪ್ರವಾಹ 15.6 ಓಮಿನ ಒಂದು ರೋಧದ ಮೂಲಕ ಹಾಯುತ್ತದೆ. ಅದರ ತುದಿಗಳ ನಡುವೆ 1.56 ವೋಲ್ಟು ಬರುವಂತೆ ತಿರುಪಿದರೆ ಓಮನ ನಿಯಮದಂತೆ ಪ್ರವಾಹ 0.1 ಆಂಪಿಯರ್, ಒಂದೊಂದು ವಾಲ್ವಿಗೆ 0.05. ಇದನ್ನು 400 ವೋಲ್ಟಿನಿಂದ ಗುಣಿಸಿದರೆ 20 ವಾಟ್. ಇ.ಎಲ್. 34ರ ಧನಾಗ್ರ 25 ವಾಟಿನವರೆಗೆ ತಾಳಬಲ್ಲುದಾದುದರಿಂದ ನಾವು ಕ್ಷೇಮದ ಎಲ್ಲೆಯೊಳಗೆ ಇದ್ದೇವೆ.

ಸ್ಪೀಕರನ್ನು ಜೋಡಿಸದೆ ವರ್ಧಕವನ್ನು ನಡೆಸಕೂಡದು. ವಾಲ್ವುಗಳಿಗೆ ಬೇಕಾದ ಹೊರೆ ಸಾವಿರಾರು ಓಮ್; ಸ್ಪೀಕರಿನದು 8 ಓಮ್. ಇವನ್ನು ಹೊಂದಿಸುವುದು ಹೊರದಾರಿಯ ಟ್ರಾನ್ಸ್‌ಫಾರ್ಮರು. 4,300 ಓಮನ್ನು 8ಕ್ಕೆ ಹೊಂದಿಸಲು ಸುರುಳಿಯ ಸುತ್ತುಗಳ ಅನುಪಾತ ಸುಮಾರು 23 ಇರಬೇಕು. ಏಕೆಂದರೆ ರೋಧವು ಈ ಅನುಪಾತದ ವರ್ಗದಂತೆ ಬದಲಾಗುತ್ತದೆ. ಹೊರೆಯಿಲ್ಲದಿರುವಾಗ ಬಲವಾದ ಸಂಕೇತ ಬಂದರೆ ಸುರುಳಿಯಲ್ಲಿ ವಿಪರೀತ ವೋಲ್ಟೇಜು ಎದ್ದು ನಿರೋಧಕ ಲೇಪ ಸೀಳಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಪ್ರಾಣರಕ್ಷಣೆ. 30 ಮೈಕ್ರೊಫ್ಯಾರಡ್ ಕಂಡೆನ್ಸರು 400 ವೋಲ್ಟಿನಲ್ಲಿ 2.4 ಜೂಲ್ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ಲಗ್ಗನ್ನು ಕಿತ್ತ ಮೇಲೆಯೂ ಈ ವಿದ್ಯುತ್ತು ಉಳಿದಿರಬಹುದು. ಒಂದು ಲಕ್ಷ ಓಮಿನ ತಕ್ಕ ರೋಧವನ್ನು ಅವಾಹಕ ಹಿಡಿಯುಳ್ಳ ತಂತಿಯಿಂದ ಅದರ ತುದಿಗಳಿಗೆ ಹಿಡಿದರೆ, ಪ್ರತಿ ಮೂರು ಸೆಕೆಂಡಿಗೆ ವೋಲ್ಟೇಜು ಸುಮಾರು ಮೂರನೆಯ ಒಂದಂಶಕ್ಕೆ ಇಳಿಯುತ್ತದೆ. ಅರ್ಧ ನಿಮಿಷ ಕಾದು, ಮೀಟರಿನಿಂದ ಅಳೆದು, ಸೊನ್ನೆಯೆಂದು ಕಂಡ ಮೇಲೆಯೇ ಕೈಯಿಡಬೇಕು. ವಿದ್ಯಾರ್ಥಿಗಳು ಈ ಕೆಲಸವನ್ನು ಅನುಭವಿಗಳ ಸಮ್ಮುಖದಲ್ಲಲ್ಲದೆ ಒಂಟಿಯಾಗಿ ಮಾಡಲೇಕೂಡದು.

ಇಷ್ಟೆಲ್ಲ ಶ್ರಮಪಟ್ಟರೆ ನಾದ ಮಧುರವಾಗುವುದೇ? ವಾಲ್ವುಗಳು ಮೂಲ ಸ್ವರದ ಎರಡರಷ್ಟು, ನಾಲ್ಕರಷ್ಟು ಕಂಪನಾಂಕದ ಉಪಸ್ವರಗಳನ್ನು ಬೆರಸುವುದೇ ಮಾಧುರ್ಯದ ಕಾರಣವೆಂದು ಅನೇಕರು ಹೇಳುತ್ತಾರೆ. ಆದರೆ ಸ್ಟೀರಿಯೊ 70ರಂತೆ ಎರಡು ವಾಲ್ವುಗಳು ಪರಸ್ಪರ ವಿರುದ್ಧವಾಗಿ ದುಡಿಯುವೆಡೆಯಲ್ಲಿ, ಆ ಜೋಡಿ ಹುಟ್ಟಿಸುವ ಇಂತಹ ಸಮಸಂಖ್ಯೆಯ ಉಪಸ್ವರಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಆದುದರಿಂದ ಕೇಳಿದ ಮಾತನ್ನು ನಂಬುವ ಬದಲು ಅಳೆದು ನೋಡುವುದು ಲೇಸು. ಉಳಿದುದನ್ನು ಕಿವಿ ತೀರ್ಮಾನಿಸಲಿ. ಓಮನ ನಿಯಮವೂ ಕಂಡೆನ್ಸರಿನ ಸೂತ್ರವೂ ಪರೀಕ್ಷೆಯ ಉತ್ತರಪತ್ರಿಕೆಗೆ ಮಾತ್ರ ಮೀಸಲಲ್ಲ, ಹಳೆಯ ಯಂತ್ರವೊಂದನ್ನು ಹಾಡಿಸಬಲ್ಲವು, ಪ್ರಾಣವನ್ನು ಕಾಯಬಲ್ಲವು ಎಂಬುದಂತೂ ಈ ಕೆಲಸದಲ್ಲಿ ತೊಡಗಿದ ವಿದ್ಯಾರ್ಥಿಗೆ ಮನದಟ್ಟಾಗುವುದು.