ಹೆಸರು ಅಳಿಸಿಕೊಂಡ ಕೋಶವನ್ನು ಹಿಡಿಯೋದು ಯಾರು? ಎನ್‌ಕೆ ಕೋಶದ ಜಮಾ-ಖರ್ಚು

ಮಸ್ಕಿಯಿಂದ ಮಾತಾಡ್ತಾ ಇದ್ದೀನಿ.

"ನನ್ನ ಇಮ್ಯುನಿಟಿ ಗಟ್ಟಿ ಐತಿ, ನನಗೇನೂ ಆಗಲ್ಲ ಬಿಡು." ಬಾಯಲ್ಲಿ ಗುಟ್ಕಾ ಇಟ್ಕೊಂಡೇ ಹೀಗೆ ಹೇಳೋರನ್ನ ನೀವೂ ನೋಡಿರ್ತೀರಿ. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಆದರೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಎರಡೂ ಬೆರೆಸಿದರೆ ಮತ್ತೆ ಅದೇ. ಹಾಗಾದ್ರೆ ನಮ್ಮ ದೇಹ ಕ್ಯಾನ್ಸರ್ ಕೋಶವನ್ನು ತಾನೇ ಹಿಡಿಯುತ್ತಾ? ಹಿಡಿಯುತ್ತೆ. ಆದರೆ ಹೇಗೆ ಹಿಡಿಯುತ್ತೆ ಅಂತ ಗೊತ್ತಾದರೆ, ಯಾವಾಗ ಕೈತಪ್ಪುತ್ತೆ ಅನ್ನೋದೂ ಗೊತ್ತಾಗುತ್ತೆ.

ಹೊರಮೈ ಮೇಲಿನ ಹೆಸರು

ನಮ್ಮೂರಿನ ಶಾಸನ ಗೊತ್ತಲ್ಲ? 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಅದನ್ನ ಪತ್ತೆ ಮಾಡಿದರು. ಅಲ್ಲಿವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪಿಯ', 'ಪಿಯದಸಿ' ಅಂತ ಬಿರುದು ಮಾತ್ರ ಇತ್ತು. ಮಸ್ಕಿಯ ಬಂಡೆ ಮೇಲೆ 'ಅಶೋಕ' ಅಂತ ಹೆಸರೇ ಇತ್ತು. ಆ ಒಂದು ಹೆಸರಿನಿಂದ ರಾಜ ಯಾರು ಅನ್ನೋದು ಖಾತ್ರಿಯಾಯ್ತು.

ನಮ್ಮ ದೇಹದ ಹೆಚ್ಚುಕಡಿಮೆ ಎಲ್ಲ ಕೋಶಗಳೂ ಹೊರಮೈ ಮೇಲೆ ಹೀಗೇ ಗುರುತು ಇಟ್ಕೊಂಡಿರ್ತಾವೆ. ಅದರ ಹೆಸರು ಎಚ್‌ಎಲ್‌ಎ, ಅದರಲ್ಲೂ ಕ್ಲಾಸ್ 1. ಇದು ಬರೀ ನಾಮಫಲಕ ಅಲ್ಲ. ಕೋಶದ ಒಳಗೆ ತಯಾರಾಗೋ ಪ್ರೋಟೀನ್‌ಗಳ ತುಣುಕುಗಳನ್ನ ಹೊರಗೆ ತಂದು ತೋರಿಸುತ್ತೆ. ವೈರಸ್ ಹೊಕ್ಕಿದ್ದರೆ ವೈರಸ್‌ನ ತುಣುಕೂ ಕಾಣುತ್ತೆ. ಅದನ್ನ ನೋಡಿ ಟಿ ಕೋಶ ಅನ್ನೋ ಬಿಳಿ ರಕ್ತಕಣ ಬಂದು ಕೊಲ್ಲುತ್ತೆ.

ಕಳ್ಳನೂ ಜಾಣನೇ. ಸೈಟೊಮೆಗಾಲೊ ಅನ್ನೋ ವೈರಸ್ ಆ ಎಚ್‌ಎಲ್‌ಎಯನ್ನೇ ಕೆಳಗೆ ಎಳೆದು ನಾಶ ಮಾಡುತ್ತೆ. ಅನೇಕ ಕ್ಯಾನ್ಸರ್ ಕೋಶಗಳೂ ಅದನ್ನ ಕಳ್ಕೊಂಡಿರ್ತಾವೆ. ತೋರಿಸೋ ಫಲಕವೇ ಇಲ್ಲ ಅಂದಮೇಲೆ ಟಿ ಕೋಶಕ್ಕೆ ಏನು ಕಾಣುತ್ತೆ?

ಇಲ್ಲಿ ಬರೋದು ಎನ್‌ಕೆ, ಅಂದರೆ ನ್ಯಾಚುರಲ್ ಕಿಲ್ಲರ್ ಕೋಶ. 1975ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ರೋಲ್ಫ್ ಕೀಸ್ಲಿಂಗ್ ಮತ್ತು ಸಂಗಡಿಗರು ಇದಕ್ಕೆ ಈ ಹೆಸರಿಟ್ಟರು. ಯಾವುದನ್ನ ಕೊಲ್ಲಬೇಕು ಅಂತ ಇದಕ್ಕೆ ಹೇಗೆ ತಿಳಿಯುತ್ತೆ ಅನ್ನೋದೇ ಒಗಟಾಗಿತ್ತು. 1986ರಲ್ಲಿ ಅಲ್ಲಿಯದೇ ಕ್ಲಾಸ್ ಕಾರೆ ತಂಡ ಇಲಿಗಳಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಗುರುತು ಇದ್ದ ಕ್ಯಾನ್ಸರ್ ಕೋಶ ಬೆಳೀತು; ಗುರುತು ಕಳ್ಕೊಂಡಿದ್ದನ್ನ ಎನ್‌ಕೆ ಕೋಶಗಳು ಮುಗಿಸಿದವು. ಅಂದರೆ ಎನ್‌ಕೆ ಹುಡುಕೋದು ಶತ್ರುವಿನ ಮುಖವನ್ನಷ್ಟೇ ಅಲ್ಲ. ಇರಬೇಕಾದ ಗುರುತು ಇಲ್ಲದಿರೋದನ್ನೂ ನೋಡುತ್ತೆ. ಆಡಿಟರ್‌ಗೆ ಸುಳ್ಳು ವೋಚರ್ ಎಷ್ಟು ಅನುಮಾನವೋ, ಕಾಣೆಯಾದ ವೋಚರ್ ಕೂಡ ಅಷ್ಟೇ ಅನುಮಾನ.

ಎರಡು ಕಾಲಂ ಲೆಕ್ಕ

ಈ ಪರೀಕ್ಷೆ ಮಾಡೋದು ಎನ್‌ಕೆ ಮೈಮೇಲಿನ ರಿಸೆಪ್ಟರ್‌ಗಳು. ಕನ್ನಡ ಪುಸ್ತಕದಲ್ಲಿ 'ಗ್ರಾಹಕ' ಅಂತಾರೆ. ಬಿ.ಕಾಂ. ಓದಿದ ನನಗೆ ಗ್ರಾಹಕ ಅಂದ್ರೆ ಅಂಗಡಿಗೆ ಬರೋರು, ಅದಕ್ಕೆ ರಿಸೆಪ್ಟರ್ ಅಂತಲೇ ಕರೀತೀನಿ.

ಒಂದು ಕಾಲಂ ತಡೆಯೋ ರಿಸೆಪ್ಟರ್‌ಗಳದ್ದು: ಕೆಐಆರ್ ಗುಂಪಿನ ಹಲವು, ಮತ್ತೆ ಎನ್‌ಕೆಜಿ2ಎ. ಎದುರಿನ ಕೋಶದಲ್ಲಿ ಎಚ್‌ಎಲ್‌ಎ ಸಿಕ್ಕರೆ ಇವು "ನಮ್ಮವನೇ, ಬಿಡು" ಅಂತಾವೆ. ಇನ್ನೊಂದು ಕಾಲಂ ಎಬ್ಬಿಸೋ ರಿಸೆಪ್ಟರ್‌ಗಳದ್ದು. ಅದರಲ್ಲಿ ಮುಖ್ಯವಾದದ್ದು ಎನ್‌ಕೆಜಿ2ಡಿ. ಸೋಂಕು ತಗುಲಿದಾಗ, ಡಿಎನ್‌ಎ ಹಾಳಾದಾಗ ಕೋಶದ ಮೇಲೆ ಎಂಐಸಿಎ, ಎಂಐಸಿಬಿ ಅನ್ನೋ ಸಂಕಟದ ಬಾವುಟಗಳು ಏಳ್ತಾವೆ. ಎನ್‌ಕೆಜಿ2ಡಿ ಹಿಡಿಯೋದು ಅವನ್ನ. ಸಿಡಿ16 ಅನ್ನೋದು, ಈಗಾಗಲೇ ಆ್ಯಂಟಿಬಾಡಿ ಅಂಟಿಕೊಂಡಿರೋ ಕೋಶವನ್ನ ಗುರುತಿಸುತ್ತೆ.

ಕೊನೆಗೆ ನೋಡೋದು ಬ್ಯಾಲೆನ್ಸ್. ಎಬ್ಬಿಸೋ ಕಡೆ ಭಾರ ಆದರೆ ಎನ್‌ಕೆ ಕೋಶ ಪರ್ಫೊರಿನ್ ಸುರಿದು ಎದುರಿನ ಕೋಶದ ಪೊರೆಗೆ ತೂತು ಮಾಡುತ್ತೆ, ಗ್ರಾನ್‌ಜೈಮ್ ಒಳಗೆ ಹೋಗಿ ಅದು ತಾನೇ ಸಾಯೋ ಹಾಗೆ ಮಾಡುತ್ತೆ. ಒಂದು ಕಾಲಂ ಖಾಲಿ ಇದ್ದ ಮಾತ್ರಕ್ಕೆ ಕೊಲೆ ಆಗಲ್ಲ. ನಮ್ಮ ಕೆಂಪು ರಕ್ತಕಣಗಳಲ್ಲಿ ಎಚ್‌ಎಲ್‌ಎ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸಂಕಟದ ಬಾವುಟವೂ ಇಲ್ಲ, ಹಾಗಾಗಿ ಅವು ಆರಾಮಾಗಿ ಓಡಾಡ್ಕೊಂಡಿರ್ತಾವೆ.

ಹಾಗಾದ್ರೆ ಕ್ಯಾನ್ಸರ್ ಯಾಕೆ ಬರುತ್ತೆ?

ಲೆಕ್ಕ ತಿದ್ದೋರು ಎಲ್ಲ ಕಡೆ ಇರ್ತಾರಲ್ಲ. ಸೈಟೊಮೆಗಾಲೊ ವೈರಸ್ ಯುಎಲ್18 ಅನ್ನೋ ನಕಲಿ ಗುರುತು ಅಂಟಿಸಿ ತಡೆಯೋ ರಿಸೆಪ್ಟರ್ ಒಂದನ್ನ ಒತ್ತಿಬಿಡುತ್ತೆ. ಕೆಲವು ಕ್ಯಾನ್ಸರ್ ಕೋಶಗಳು ಎಂಐಸಿಎ ಬಾವುಟವನ್ನೇ ಕತ್ತರಿಸಿ ರಕ್ತಕ್ಕೆ ಬಿಡ್ತಾವೆ. ಕೋಶದ ಮೇಲೆ ಬಾವುಟ ಇಲ್ಲ. ರಕ್ತದಲ್ಲಿ ತೇಲೋ ತುಂಡುಗಳು ರಿಸೆಪ್ಟರ್‌ಗೆ ಅಂಟಿ ಅದನ್ನೂ ಮಂಕು ಮಾಡ್ತಾವೆ. ಗಡ್ಡೆಯಾಗಿ ಕಾಣೋ ಹೊತ್ತಿಗೆ ಅದು ಈ ಕಾವಲನ್ನ ದಾಟಿ ಬಂದಿರುತ್ತೆ.

ಅದಕ್ಕೇ "ಇಮ್ಯುನಿಟಿ ಬೂಸ್ಟರ್" ಅಂತ ಡಬ್ಬಿ ಮಾರೋರ ಮಾತು ಕೇಳುವಾಗ ಸ್ವಲ್ಪ ನಿಲ್ಲಿ. ಇದು ಬರೀ ಶಕ್ತಿಯ ಪ್ರಶ್ನೆ ಅಲ್ಲ, ಗುರುತಿಸೋ ಪ್ರಶ್ನೆ. ಕಣ್ಣಿಗೆ ಬೀಳದ ಕಳ್ಳನನ್ನ ಎಷ್ಟು ಗಟ್ಟಿ ಪೈಲ್ವಾನನೂ ಹಿಡಿಯಲ್ಲ. ತಂಬಾಕು ಬಾಯಲ್ಲಿ ಇದ್ದಷ್ಟು ಹೊತ್ತೂ ಹೊಸ ಹೊಸ ಕೋಶಗಳ ಡಿಎನ್‌ಎ ಹಾಳಾಗ್ತಾ ಇರುತ್ತೆ. ಅವುಗಳಲ್ಲಿ ಒಂದೇ ಒಂದು ತಪ್ಪಿಸ್ಕೊಂಡರೂ ಸಾಕು.

ಎನ್‌ಕೆ ನೋಡದೇ ಬಿಟ್ಟಿದ್ದನ್ನ ನಾವು ನೋಡಬಹುದು. ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಬಾಯಿ ಪೂರ್ತಿ ತೆರೆಯೋಕೆ ಆಗದಿರೋದು, ಕುತ್ತಿಗೆಯಲ್ಲಿ ಗಂಟು: ಇದರಲ್ಲಿ ಯಾವುದಿದ್ದರೂ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಹಲ್ಲಿನ ಡಾಕ್ಟರ್‌ಗೋ ಇಎನ್‌ಟಿ ಡಾಕ್ಟರ್‌ಗೋ ತೋರಿಸಿ. ನೋವಿಲ್ಲ ಅಂತ ಮುಂದೂಡಬ್ಯಾಡ್ರಿ, ಶುರುವಿನಲ್ಲಿ ನೋವು ಇರದೇ ಇರಬಹುದು. ಬೇಗ ಸಿಕ್ಕಿದರೆ ಚಿಕಿತ್ಸೆ ಸಣ್ಣದು, ಗುಣ ಆಗೋ ಸಾಧ್ಯತೆ ದೊಡ್ಡದು.

"ನನಗೇನೂ ಆಗಲ್ಲ ಬಿಡು" ಅನ್ನೋ ಗೆಳೆಯ ನಿಮಗೂ ಇದ್ದರೆ, ಈ ಎಪಿಸೋಡ್ ಅವನಿಗೆ ವಾಟ್ಸಾಪ್ ಮಾಡಿ. ಮುಂದಿನ ವಾರ ಸಿಗೋಣ.