ಬಣ್ಣವನ್ನು ಅಳಿಸುವ ಬೆಳಕು

ಬಿಸಿಲಿಗೆ ಹರವಿದ ಬಟ್ಟೆಯ ಬಣ್ಣ ಮಾಸುವುದು ಎಲ್ಲರೂ ಬಲ್ಲ ಸಂಗತಿ. ಉಡುವವರಿಗೆ ಅದು ಬೇಸರ. ಬಣ್ಣ ಹಾಕಿದವನಿಗೆ ಅಪಕೀರ್ತಿ. ಆದುದರಿಂದ ಬಿಸಿಲಿಗೂ ಸಾಬೂನಿಗೂ ಜಗ್ಗದ ಬಣ್ಣಗಳಿಗಾಗಿ ರಸಾಯನವಿಜ್ಞಾನಿಗಳು ಬಹುಕಾಲ ಶ್ರಮಿಸಿದರು. 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ತರುಣನು ಮಲೇರಿಯಾದ ಮದ್ದಾದ ಕ್ವಿನೈನನ್ನು ತಯಾರಿಸಲು ಹೊರಟು, ಅದಕ್ಕೆ ಬದಲಾಗಿ ಸೊಗಸಾದ ನೇರಳೆ ಬಣ್ಣವೊಂದನ್ನು ಪಡೆದನು. ಅಲ್ಲಿಂದ ಮುಂದೆ ಕೃತಕ ವರ್ಣಗಳ ಹೊನಲೇ ಹರಿಯಿತು. ಬಟ್ಟೆಯ ಮೇಲೆ ಗುಣವೆನಿಸಿದ ಅಳಿಯದ ಸ್ವಭಾವವೇ ನೀರಿಗೆ ಸೇರಿದಾಗ ದೋಷವಾಯಿತು.

ತಮಿಳುನಾಡಿನ ತಿರುಪ್ಪೂರು ಹತ್ತಿಯ ಹೆಣೆದ ಉಡುಪುಗಳಿಗೆ ಹೆಸರಾದ ನಗರ. ಕಾವೇರಿಯ ಉಪನದಿಯಾದ ನೊಯ್ಯಲ್ ಅದರ ನಡುವೆ ಹರಿಯುತ್ತದೆ. ಬಣ್ಣದ ಕಾರ್ಖಾನೆಗಳ ಕೊಳೆನೀರು ಈ ನದಿಯನ್ನು ಸೇರಿದುದರಿಂದ, ಬೇಸಾಯಕ್ಕೆಂದು 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಜಲಾಶಯವು ಕೊಳೆನೀರಿನ ತೊಟ್ಟಿಯಾಯಿತು. ರೈತರು ನ್ಯಾಯಾಲಯದ ಬಾಗಿಲು ತಟ್ಟಿದರು. 2011ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಆ ಕಾರ್ಖಾನೆಗಳನ್ನು ಮುಚ್ಚುವಂತೆ ಆಜ್ಞೆ ಮಾಡಿತು. ಬೆಳೆ ಕಳೆದುಕೊಂಡವರ ಸಾಲಿಗೆ ಕೆಲಸ ಕಳೆದುಕೊಂಡವರೂ ಸೇರಿದರು.

ಬಣ್ಣ ಕಣ್ಣಿಗೆ ಕಾಣುವ ಕೊಳೆ ಮಾತ್ರವಲ್ಲ. ಅದು ಬೆಳಕನ್ನು ತಡೆದು ಜಲಸಸ್ಯಗಳನ್ನು ಸೊರಗಿಸುತ್ತದೆ. ಕೆಲವು ಬಣ್ಣಗಳು ಒಡೆದು ಕ್ಯಾನ್ಸರ್ ತರಬಲ್ಲ ವಸ್ತುಗಳಾಗುತ್ತವೆ. ಸೋಸಿ ತೆಗೆದರೆ ಕೆಸರಾಗಿ ಬೇರೊಂದೆಡೆ ರಾಶಿ ಬೀಳುತ್ತವೆ; ಕೊಳೆ ಸ್ಥಳ ಬದಲಾಯಿಸಿತೇ ಹೊರತು ಹೋಗಲಿಲ್ಲ. ಆದುದರಿಂದ ಬಣ್ಣದ ಅಣುವನ್ನೇ ಒಡೆಯುವ ಉಪಾಯ ಬೇಕು.

ಆ ಉಪಾಯದ ಸುಳಿವು ದೊರೆತುದು ಜಪಾನಿನಲ್ಲಿ. ನೀರಿನಲ್ಲಿಟ್ಟ ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿದ್ದಾಗ ನೀರು ವಿಭಜನೆಗೊಳ್ಳುವುದನ್ನು ಫುಜಿಷಿಮಾ ಮತ್ತು ಹೋಂಡಾ ಎಂಬ ವಿಜ್ಞಾನಿಗಳು 1972ರಲ್ಲಿ ಪ್ರಕಟಿಸಿದರು. ಗೋಡೆಯ ಸುಣ್ಣಬಣ್ಣದಲ್ಲಿ ಬೆರೆಸುವ ಸಾಮಾನ್ಯ ಬಿಳಿಯ ಪುಡಿಯದು! ಬೆಳಕು ತಾಗಿದೊಡನೆ ಅದರೊಳಗಿನ ಎಲೆಕ್ಟ್ರಾನೊಂದು ತನ್ನ ನೆಲೆಯನ್ನು ಬಿಟ್ಟು ಮೇಲಕ್ಕೆ ಜಿಗಿಯುತ್ತದೆ. ಬಿಟ್ಟ ಜಾಗದಲ್ಲಿ ರಂಧ್ರವುಂಟಾಗುತ್ತದೆ. ರಂಧ್ರವು ನೀರಿನಿಂದಲೂ, ಎಲೆಕ್ಟ್ರಾನು ನೀರಿನಲ್ಲಿ ಕರಗಿದ ಆಕ್ಸಿಜನ್ನಿನಿಂದಲೂ ಅತ್ಯಂತ ಚುರುಕಾದ ಕಣಗಳನ್ನು ಹುಟ್ಟಿಸುತ್ತವೆ. ಇವು ಬಣ್ಣದ ಅಣುವಿನ ಮೇಲೆರಗಿ ಅದನ್ನು ತುಂಡುತುಂಡು ಮಾಡುತ್ತವೆ. ಕ್ರಿಯೆ ಪೂರ್ಣಗೊಂಡರೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಕೆಲವು ಸರಳ ಲವಣಗಳು. ಪುಡಿಯಾದರೋ ವ್ಯಯವಾಗದೆ ಉಳಿಯುತ್ತದೆ.

ಆದರೆ ಜಿಗಿದ ಎಲೆಕ್ಟ್ರಾನು ಬಹುಪಾಲು ಕೆಲಸಕ್ಕೆ ಮೊದಲೇ ರಂಧ್ರಕ್ಕೆ ಮರಳಿಬಿಡುತ್ತದೆ. ಮೇಲಾಗಿ ಈ ಪುಡಿಗೆ ಬೇಕಾದ ನೇರಳಾತೀತ ಕಿರಣಗಳು ಬಿಸಿಲಿನಲ್ಲಿ ಸುಮಾರು ನೂರಕ್ಕೆ ಐದರಷ್ಟು ಮಾತ್ರ. ಈ ಕೊರತೆಗಳಿಗೆ ಪರಿಹಾರವಾಗಿ ಎರಡು ಲೋಹಗಳ ಆಕ್ಸೈಡುಗಳನ್ನು ಬೆಸೆದ ನ್ಯಾನೊ ಸಮ್ಮಿಶ್ರಗಳು ಬಂದಿವೆ. ಟಂಗ್‌ಸ್ಟನ್ ಆಕ್ಸೈಡನ್ನು ಜೊತೆಗೂಡಿಸಿದರೆ ಎಲೆಕ್ಟ್ರಾನುಗಳು ಅದರತ್ತ ಸರಿಯುತ್ತವೆ, ರಂಧ್ರಗಳು ಇತ್ತಲೇ ಉಳಿಯುತ್ತವೆ. ನೀಲಿ ಬೆಳಕೂ ಉಪಯೋಗಕ್ಕೆ ಬರುತ್ತದೆ. ಕಣಗಳು ನ್ಯಾನೊ ಗಾತ್ರದವಾದರೆ ಲಾಭ ಹೆಚ್ಚು. ಒಂದು ಸೆಂಟಿಮೀಟರ್ ಘನದ ಹೊರಮೈ ಕೇವಲ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 600 ಚದರ ಮೀಟರ್ ಆಗುತ್ತದೆ! ಇಷ್ಟು ಸಣ್ಣ ಕಣಗಳನ್ನು ನೀರಿನಿಂದ ಮರಳಿ ಹಿಡಿಯುವುದು ಕಷ್ಟವಾದುದರಿಂದ, ಕಾಂತಗುಣದ ಕಬ್ಬಿಣದ ಆಕ್ಸೈಡನ್ನು ಸೇರಿಸಿ ಅಯಸ್ಕಾಂತದಿಂದ ಸೆಳೆದುಕೊಳ್ಳುವುದುಂಟು.

ಪ್ರಯೋಗಾಲಯದಲ್ಲಿ ಮಿಥಿಲೀನ್ ನೀಲಿ ತಿಳಿಯಾದೊಡನೆ ಗೆದ್ದೆವೆಂದು ಹಿಗ್ಗುವುದು ಅವಸರದ ಮಾತು. ಬಣ್ಣ ಹೋದರೂ ಅಣುವಿನ ಚೂರುಗಳು ಉಳಿದಿರಬಹುದು. ನೀರಿನಲ್ಲಿರುವ ಒಟ್ಟು ಇಂಗಾಲವನ್ನು ಅಳೆದು ನೋಡಬೇಕು. ಕಾರ್ಖಾನೆಯ ಕಪ್ಪು ನೀರಿನೊಳಕ್ಕೆ ಬೆಳಕು ಇಳಿಯುವುದೂ ಕಷ್ಟ. ಇನ್ನು ಹತ್ತಿಗೆ ಬಣ್ಣ ಹಿಡಿಯಲೆಂದು ಧಾರಾಳವಾಗಿ ಬೆರೆಸುವ ಉಪ್ಪನ್ನು ಈ ಬೆಳಕು ಮುಟ್ಟುವುದೇ ಇಲ್ಲ. ನೊಯ್ಯಲ್ ದಡದ ಹೊಲಗಳನ್ನು ಬರಡು ಮಾಡಿದುದರಲ್ಲಿ ಆ ಉಪ್ಪಿನ ಪಾಲು ದೊಡ್ಡದು. ಅದನ್ನು ಬೇರ್ಪಡಿಸಲು ಸೂಕ್ಷ್ಮ ಪೊರೆಗಳೂ ನೀರನ್ನು ಆವಿ ಮಾಡುವ ಯಂತ್ರಗಳೂ ಬೇಕಾಗುತ್ತವೆ.