ಕಾಫಿ ಬೀಸುವ ಮಿಷನ್ನಿನ ಶುಚಿ ಮತ್ತು ಆರೈಕೆ



ಪ್ರತಿ ವರ್ಷ ಕುಯ್ಲು ಮುಗಿದ ಮೇಲೆ ನಮ್ಮ ತೋಟದ ಕಾಫಿಯನ್ನು ಹುರಿಸಿ, ಮುಳಬಾಗಿಲಿನ ಅತ್ತೆಯ ಮನೆಗೆ ಒಂದೆರಡು ಕಿಲೋ ಬೀಜ ಕಳಿಸುವುದು ನನ್ನ ವಾಡಿಕೆ. ಅದು ರಾಗಿ, ಮಾವು, ರೇಷ್ಮೆಯ ಸೀಮೆ; ಆದರೆ ಕಾಫಿ ಕುಡಿಯುವುದರಲ್ಲಿ ನಮ್ಮ ಮಲೆನಾಡಿನವರಿಗಿಂತ ಹಿಂದೇನೂ ಇಲ್ಲ. 2024ರ ಬೇಸಿಗೆಯಲ್ಲಿ ಅಲ್ಲಿಂದ ಫೋನು ಬಂತು. "ಈ ಸಲದ ಕಾಫಿ ಯಾಕೋ ಕಮಟು ಹೊಡೀತಿದೆ ಅಳಿಯಂದಿರೆ" ಎಂದರು ಅತ್ತೆ.

ಆ ಸಲ ನಮ್ಮ ಕಣದ ಕಾಫಿ ಒಂದು ರಾತ್ರಿ ಮಳೆಗೆ ಸಿಕ್ಕಿತ್ತು. ಟಾರ್ಪಾಲು ಹೊದಿಸುವುದು ತಡವಾದದ್ದೇ ಕಾರಣವೆಂದು ತೀರ್ಮಾನಿಸಿ, ಕಣ ನೋಡಿಕೊಳ್ಳುವ ಆಳಿನ ಮೇಲೆ ನಾಲ್ಕು ಜನರ ಮುಂದೆ ರೇಗಿದೆ. ಆತ ಎದುರಾಡಲಿಲ್ಲ. ತಿಂಗಳ ನಂತರ ಮುಳಬಾಗಿಲಿಗೆ ಹೋದಾಗ ಅದೇ ಡಬ್ಬಿಯ ಬೀಜವನ್ನು ಒಂದು ಹಿಡಿ ಕುಟ್ಟಾಣಿಯಲ್ಲಿ ಕುಟ್ಟಿ, ಮತ್ತೊಂದು ಹಿಡಿಯನ್ನು ಅವರ ಕೈಮಿಷನ್ನಿನಲ್ಲಿ ಬೀಸಿ, ಎರಡು ಫಿಲ್ಟರಿನಲ್ಲಿ ಬೇರೆ ಬೇರೆ ಡಿಕಾಕ್ಷನ್ ಇಳಿಸಿದೆವು. ಕುಟ್ಟಿದ್ದರಲ್ಲಿ ಕಮಟಿನ ಸುಳಿವೇ ಇಲ್ಲ. ಬೀಸಿದ್ದು ಹಳೆಯ ಕೊಬ್ಬರಿಯಂತೆ ನಾರುತ್ತಿತ್ತು. ಮಿಷನ್ ಬಿಚ್ಚಿದರೆ ಒಳಗೆ ಕಪ್ಪು ಮೇಣದಂತೆ ಕಟ್ಟಿಕೊಂಡ ಪುಡಿ, ಎಷ್ಟು ವರ್ಷದ್ದೋ ದೇವರೇ ಬಲ್ಲ. ಅತ್ತೆ ನೋಡಿ, "ರಾಗಿ ಕಲ್ಲನ್ನ ಬೀಸಿದಾಗಲೆಲ್ಲ ಎತ್ತಿ ಗುಡಿಸ್ತಿದ್ದೆವು, ಇದನ್ನ ತಂದ ದಿನದಿಂದ ಒಬ್ಬರೂ ಬಿಚ್ಚಿಲ್ಲ" ಎಂದರು. ಊರಿಗೆ ಬಂದು, ರೇಗಿದಾಗ ಇದ್ದ ಅದೇ ನಾಲ್ಕು ಜನರ ಮುಂದೆ ಆಳಿನ ಬಳಿ ತಪ್ಪೊಪ್ಪಿಕೊಂಡೆ.

ಪೂಲಿನ ವ್ಯವಸ್ಥೆಯಿದ್ದಾಗ ಕಾಫಿಯನ್ನು ಒಪ್ಪಿಸಿಬಿಟ್ಟರೆ ನಮ್ಮ ಕೆಲಸ ಮುಗಿಯುತ್ತಿತ್ತು. 1996ರಲ್ಲಿ ಮಾರಾಟ ಪೂರ್ತಿಯಾಗಿ ಬೆಳೆಗಾರರ ಕೈಗೆ ಬಂದ ಮೇಲೆ ಸ್ಯಾಂಪಲ್ ಹಿಡಿದು ಹೋಗುವವರೂ ನಾವೇ, ರುಚಿಯ ಮಾತು ಕೇಳಬೇಕಾದವರೂ ನಾವೇ. ಮನೆಯ ಲೋಟದಲ್ಲಿ ಕೆಟ್ಟ ರುಚಿ ಕಂಡು ಒಳ್ಳೆಯ ಕಾಫಿಯನ್ನು ಸಿಕ್ಕಿದ ಬೆಲೆಗೆ ಕೊಟ್ಟುಬಿಟ್ಟರೆ ನಷ್ಟ ಯಾರದು? ಆದುದರಿಂದ ಕಣವನ್ನು ದೂರುವ ಮುನ್ನ ಮೇಲಿನ ಕುಟ್ಟಾಣಿಯ ಪರೀಕ್ಷೆಯನ್ನು ಮಾಡಿ ನೋಡಬೇಕೆಂದು ಕೋರುತ್ತೇನೆ.

ಮಿಷನ್ ಹೀಗೇಕೆ ನಾರುತ್ತದೆ? ಅರೇಬಿಕಾ ಬೀಜದಲ್ಲಿ ನೂರಕ್ಕೆ ಸುಮಾರು 15ರಷ್ಟು, ರೊಬಸ್ಟಾದಲ್ಲಿ ಸುಮಾರು 10ರಷ್ಟು ಎಣ್ಣೆಯ ಅಂಶವಿದೆ. ಕಪ್ಪಗೆ ಹುರಿದಷ್ಟೂ ಅದು ಬೀಜದ ಮೈಮೇಲೆ ಬರುತ್ತದೆ. ಬೀಸುವಾಗ ಹಲ್ಲುಬಿಲ್ಲೆಗಳಿಗೆ ಅಂಟಿ, ನುಣ್ಣನೆಯ ಪುಡಿಯನ್ನು ಹಿಡಿದಿಟ್ಟುಕೊಂಡು, ಗಾಳಿ ತಾಗಿ ಕಮಟಾಗುತ್ತದೆ. ಮರುದಿನ ಹಾಕಿದ ಹೊಸ ಬೀಜ ಈ ಹಳೆಯ ಪುಡಿಯನ್ನು ಸ್ವಲ್ಪ ಸ್ವಲ್ಪವೇ ತಳ್ಳಿಕೊಂಡು ಫಿಲ್ಟರಿಗೆ ಬರುತ್ತದೆ. ನಮ್ಮಲ್ಲಿ ಮಳೆಗಾಲದ ಥಂಡಿಗೆ ಪುಡಿ ಗಟ್ಟಿಕಟ್ಟುವುದು ಹೆಚ್ಚು. ಕೋಲಾರ, ಮಾಲೂರಿನಂಥ ಒಣ ಹವೆಯಲ್ಲಿ ಪುಡಿ ಹಾರಿ ಗೋಡೆಗೆ ಹತ್ತಿಕೊಳ್ಳುವುದು ಹೆಚ್ಚು.

ಕೈಮಿಷನ್ ಶುಚಿ ಮಾಡುವ ಮುನ್ನ ಬೀಜ ಪೂರ್ತಿ ಖಾಲಿಯಾಗಲಿ. ಬಿಲ್ಲೆಗಳು ಒಂದಕ್ಕೊಂದು ಮೆಲ್ಲಗೆ ತಾಗುವವರೆಗೆ ತಿರುಪನ್ನು ಬಿಗಿಯುತ್ತಾ, ಎಷ್ಟು ಸುತ್ತು ಬಂತೆಂದು ಎಣಿಸಿ ಬರೆದಿಡಿ. ಜೋಡಿಸುವಾಗ ತಾಗುವಲ್ಲಿಂದ ಅಷ್ಟೇ ಸುತ್ತು ಸಡಿಲಿಸಿದರೆ ಮೊದಲಿನ ಹದವೇ ಸಿಗುತ್ತದೆ. ಇದನ್ನು ಮಾಡದೆ ಬಿಚ್ಚಿದವರು ವಾರಗಟ್ಟಲೆ ನೀರು ಡಿಕಾಕ್ಷನ್ ಕುಡಿಯುತ್ತಾರೆ. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಡಿ. ಈಗ ಎಲ್ಲರ ಕೈಯಲ್ಲೂ ಫೋನಿದೆ, ಒಂದು ಫೋಟೋ ತೆಗೆದುಕೊಂಡರೂ ಆಯಿತು. ಬಳಿಕ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಣಗಿರುವಂತೆಯೇ ಉಜ್ಜಿ, ಹಲ್ಲಿನ ಸಂದುಗಳಲ್ಲಿ ಕೂತದ್ದನ್ನು ಬಿದಿರಿನ ಸೀಳಿನಿಂದ ಕೆರೆಯಬೇಕು. ಕಬ್ಬಿಣದ ಮೊಳೆ, ಚಾಕು ಬೇಡ.

ನೀರಿನ ವಿಚಾರದಲ್ಲಿ ಎಚ್ಚರಿಕೆ ಅವಶ್ಯ. ಎರಕದ ಕಬ್ಬಿಣದ ಅಥವಾ ಉಕ್ಕಿನ ಬಿಲ್ಲೆಯನ್ನು ತೊಳೆಯಲೇಕೂಡದು, ತುಕ್ಕು ಹಿಡಿಯುತ್ತದೆ. ಪಿಂಗಾಣಿ ಬಿಲ್ಲೆಯಾದರೆ ತೊಳೆಯಬಹುದು, ಆದರೆ ಇಡೀ ದಿನ ಆರಿದ ಮೇಲೆಯೇ ಜೋಡಿಸಬೇಕು. ಮರದ ಡ್ರಾಯರಿಗೆ ಒಣಬಟ್ಟೆ ಸಾಕು. ಹಲ್ಲಿಗೆ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಸವರುವವರಿದ್ದಾರೆ. ಕಮಟನ್ನು ತೆಗೆಯಲು ಹೋಗಿ ಕಮಟನ್ನೇ ಬಿತ್ತಿದಂತೆ. ಹಿಡಿಯ ಕಡೆ ಕಿರುಗುಟ್ಟಿದರೆ ಔಷಧದ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಒಂದೇ ಒಂದು ತೊಟ್ಟು, ಅದೂ ಬಿಲ್ಲೆಗೆ ತಾಗದಂತೆ.

ಕರೆಂಟಿನ ಮಿಷನ್ನಿಗೂ ಇದೇ ಕ್ರಮ, ಪ್ಲಗ್ ಕಿತ್ತ ನಂತರ. ಮೇಲಿನ ಬಿಲ್ಲೆ ಕೂರುವ ತಿರುಪಿನ ಮರೆಯಲ್ಲಿ ಪುಡಿ ಉಳಿದರೆ ಬಿಲ್ಲೆ ಓರೆಯಾಗಿ ಕೂತು, ಅರ್ಧ ನುಚ್ಚು ಅರ್ಧ ಹಿಟ್ಟು ಬೀಳುತ್ತದೆ. ಬೀಜ ಹಾಕುವ ಪ್ಲಾಸ್ಟಿಕ್ ಬಟ್ಟಲನ್ನು ಮಾತ್ರ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ.

ಒಂದು ಹಿಡಿ ಅಕ್ಕಿ ಬೀಸಿದರೆ ಮಿಷನ್ ಶುಚಿಯಾಗುತ್ತದೆಂಬ ಮಾತು ಎಲ್ಲ ಊರಲ್ಲೂ ಇದೆ. ನಾನು ಒಪ್ಪುವುದಿಲ್ಲ. ಹಸಿ ಅಕ್ಕಿ ಹುರಿದ ಕಾಫಿಗಿಂತ ಗಟ್ಟಿ. ಸಣ್ಣ ಮೋಟಾರಿಗೆ ಭಾರ, ಸಾಲದ್ದಕ್ಕೆ ಅದರ ಹಿಟ್ಟು ಒಳಗೇ ಉಳಿಯುತ್ತದೆ. ಬ್ರಷ್ ಹಾಕಿದ ಮೇಲೆ ಒಂದು ಚಮಚ ಕಾಫಿ ಬೀಜವನ್ನೇ ಬೀಸಿ ಆ ಪುಡಿಯನ್ನು ಗೊಬ್ಬರದ ಗುಂಡಿಗೆ ಹಾಕುವುದು ಮೇಲು. ಅದೇ ಮಿಷನ್ನಿನಲ್ಲಿ ಮೆಣಸು ಪುಡಿ ಮಾಡುವ ಅಭ್ಯಾಸ ನಮ್ಮ ತೋಟದ ಮನೆಗಳಲ್ಲಿ ಇದ್ದೇ ಇದೆ. ಆ ವಾಸನೆ ಸುಲಭವಾಗಿ ಹೋಗುವಂಥದ್ದಲ್ಲ. ಚಿಕೋರಿಯನ್ನೂ ಒಳಗೆ ಹಾಕಬೇಡಿ. ಅದು ಗಾಳಿಯ ತೇವ ಹೀರಿ ಅಂಟಾಗುತ್ತದೆ. ಬೇಕಾದವರು ಪುಡಿಯಾಗಿಯೇ ತಂದು ಕಡೆಯಲ್ಲಿ ಬೆರೆಸಿಕೊಳ್ಳಬಹುದು.

ಬೆಳೆಗಾರರ ಮನೆಯ ಮಿಷನ್ನಿಗೆ ಪೇಟೆಯವರದ್ದಕ್ಕಿಲ್ಲದ ಒಂದು ಅಪಾಯವುಂಟು. ನಾವು ಹುರಿಯುವುದು ಕಣದಿಂದ ಬಂದ, ಗ್ರೇಡಿಂಗ್ ಕಾಣದ ಬೀಜ. ಅದರಲ್ಲಿ ಹರಳು ಇರುತ್ತದೆ, ಚೀಲ ಹೊಲಿದ ತಂತಿಯ ಚೂರೂ ಇರಬಹುದು. ಒಂದೇ ಹರಳು ಬಿಲ್ಲೆಯ ಹಲ್ಲು ಮುರಿಯಲು ಸಾಕು. ಹುರಿಯುವ ಮುನ್ನ ಮೊರದಲ್ಲಿ ಕೇರಿ, ಅಯಸ್ಕಾಂತ ಆಡಿಸಿ. ಅರೆಹುರಿದ ಬೀಜವನ್ನೂ ಹಾಕಬೇಡಿ.

ದಿನವೂ ಬಳಸುವ ಮನೆಯಲ್ಲಿ ವಾರಕ್ಕೊಮ್ಮೆ ಬ್ರಷ್, ತಿಂಗಳಿಗೊಮ್ಮೆ ಪೂರ್ತಿ ಬಿಚ್ಚುವುದು ಸಾಕು. ಇಷ್ಟಾದರೂ ಹಲ್ಲು ಸವೆಯದೆ ಇರುವುದಿಲ್ಲ. ಅಷ್ಟೇ ಬೀಜಕ್ಕೆ ಹೆಚ್ಚು ಸುತ್ತು ಬೇಕಾಗುವುದು, ಪುಡಿ ಕೈಗೆ ಬಿಸಿಯಾಗಿ ಸಿಗುವುದು, ಫಿಲ್ಟರ್ ಕಟ್ಟಿಕೊಂಡು ತೊಟ್ಟಿಕ್ಕುವುದು ಸವೆದ ಗುರುತುಗಳು. ರಾಗಿ ಕಲ್ಲು ನಯವಾದರೆ ಕಲ್ಲುಕುಟಿಗರನ್ನು ಕರೆಸಿ ಉಳಿಯಿಂದ ಮುಳ್ಳು ಹೊಡೆಸುತ್ತಿದ್ದರು. ಕಾಫಿ ಬಿಲ್ಲೆಗೆ ಮನೆಯಲ್ಲಿ ಅರ ಹಾಕಿ ಹರಿತ ಮಾಡಲು ಹೋದರೆ ಹಲ್ಲುಗಳ ಎತ್ತರ ತಪ್ಪುತ್ತದೆ. ಬದಲಾಯಿಸುವುದೊಂದೇ ದಾರಿ, ಅದೂ ಎರಡು ಬಿಲ್ಲೆಗಳನ್ನು ಒಟ್ಟಿಗೆ. ಮುಳಬಾಗಿಲಿನ ಮಿಷನ್ನಿಗೆ ಹೊಂದುವ ಜೋಡಿ ನನಗೆ ಎಲ್ಲೂ ಸಿಗಲಿಲ್ಲ. ಶುಚಿ ಮಾಡಿದ ಹಳೆಯ ಬಿಲ್ಲೆಯೇ ಓಡುತ್ತಿದೆ. ಹಿಡಿಯನ್ನು ಸ್ವಲ್ಪ ಹೆಚ್ಚು ಹೊತ್ತು ತಿರುಗಿಸಬೇಕು, ಕಾಫಿಯಲ್ಲಿ ಕಮಟಿಲ್ಲ.